ಕೋರಾ ಪ್ಯಾಂಟು, ಎರಡು ವಾಷಿಂಗು, ಹದಿನೈದು ದಿನದ ವಾಯಿದೆ: ಬಳ್ಳಾರಿಯ ಒಂದು ಜೀನ್ಸ್ ಘಟಕದ ಪ್ರಕರಣ

ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟ್ ತಯಾರಾಗುವಷ್ಟರಲ್ಲಿ ನಾಲ್ಕೈದು ಮಾಲೀಕರ ಬಾಗಿಲು ಹತ್ತಿ ಇಳಿದಿರುತ್ತದೆ. ಬಟ್ಟೆ ಅಹಮದಾಬಾದಿನ ಕಡೆಯಿಂದ ಸ್ಥಳೀಯ ಡೀಲರ್ ಗೋದಾಮಿಗೆ ಬರುತ್ತದೆ. ಕಟಿಂಗ್ ಒಬ್ಬರಲ್ಲಿ, ಹೊಲಿಗೆ ಇನ್ನೊಬ್ಬರಲ್ಲಿ, ವಾಷಿಂಗ್, ಅಂದರೆ ಹೊಲಿದ ಪ್ಯಾಂಟನ್ನು ಒಗೆದು ಮೆತ್ತಗೆ ಮಾಡಿ ಬೇಕಾದ ಬಣ್ಣಕ್ಕೆ ಇಳಿಸುವುದು, ಮತ್ತೊಬ್ಬರಲ್ಲಿ. ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಕಾಲದಿಂದ ಸಮವಸ್ತ್ರ ಹೊಲಿದ ಕೈಗಳು ಈ ಊರಿನಲ್ಲಿವೆ, ಹಾಗಾಗಿ ಹೊಲಿಗೆಗೆ ಇಲ್ಲಿ ಕೊರತೆಯಿಲ್ಲ. ಮಾಲು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲೇ ಎಡವಟ್ಟು ಆಗುವುದು. ಅಂಥ ಒಂದು ಜಾಗದಲ್ಲಿ ಸಿಕ್ಕಿಕೊಂಡು ಹೊರಬಂದ ಘಟಕದ ಪ್ರಕರಣ ಇದು. ಗುರುತು ಸಿಗದಂತೆ ಹೆಸರುಗಳನ್ನು ಬಿಟ್ಟಿದೆ, ಅಂಕಿಗಳನ್ನು ತುಸು ಹೊಂದಿಸಿದೆ.

ಹಿನ್ನೆಲೆ

ಘಟಕದಲ್ಲಿ 34 ಹೊಲಿಗೆ ಯಂತ್ರಗಳಿವೆ. ಹೊರಗೆ ಮೂವರು ಫ್ಯಾಬ್ರಿಕೇಟರ್‌ಗಳು ಪೀಸ್ ಲೆಕ್ಕದಲ್ಲಿ ಹೊಲಿದು ಕೊಡುತ್ತಾರೆ. ವಾರಕ್ಕೆ ಸುಮಾರು 2,400 ಪ್ಯಾಂಟು ಹೊರಬೀಳುತ್ತದೆ. ಬೆಂಗಳೂರಿನ ಇಬ್ಬರು, ಹೈದರಾಬಾದಿನ ಒಬ್ಬರು ಸಗಟು ವ್ಯಾಪಾರಿಗಳೇ ಮುಖ್ಯ ಗಿರಾಕಿಗಳು. ಉಳಿದದ್ದು ಹುಬ್ಬಳ್ಳಿ, ಸೊಲ್ಲಾಪುರದ ಚಿಲ್ಲರೆ ಆರ್ಡರ್.

ಒಂದು ಪ್ಯಾಂಟಿನ ಖರ್ಚು ಹೀಗಿತ್ತು: ಬಟ್ಟೆ 1.2 ಮೀಟರ್, ಮೀಟರಿಗೆ 165ರಂತೆ 198 ರೂಪಾಯಿ. ಝಿಪ್, ಗುಂಡಿ, ರಿವೆಟ್, ಜೇಬಿನ ಬಟ್ಟೆ, ದಾರ, ಲೇಬಲ್ ಸೇರಿ 32. ಕಟಿಂಗ್ ಮತ್ತು ಹೊಲಿಗೆ 78. ವಾಷಿಂಗ್ 38. ಇಸ್ತ್ರಿ, ಪ್ಯಾಕಿಂಗ್ 14. ಸಾಗಣೆ, ಆಫೀಸು 15. ಒಟ್ಟು 375. ಮಾರುವ ದರ 430. ಈ 55 ರೂಪಾಯಿಯಲ್ಲೇ ಬಡ್ಡಿ, ವಾಪಸ್ ಬಂದ ಮಾಲು, ಮಾಲೀಕರ ಸಂಸಾರ ಎಲ್ಲವೂ ಸಾಗಬೇಕು.

ಖರೀದಿಯ ನೀತಿ ಒಂದೇ ಮಾತಿನದು: ಎಲ್ಲಿ ಅಗ್ಗವೋ ಅಲ್ಲಿ. ಮೀಟರಿಗೆ 4 ರೂಪಾಯಿ ಕಡಿಮೆ ಎಂದರೆ ಡೀಲರ್ ಬದಲು. ಐದು ವಾಷಿಂಗ್ ಘಟಕಗಳಿಗೆ ಲಾಟ್ ಬಂದಾಗಲೆಲ್ಲ ಫೋನು, ಯಾರು 2-3 ರೂಪಾಯಿ ಇಳಿಸುತ್ತಾರೋ ಅವರಿಗೆ ಮಾಲು. ಹಣ ಮಾತ್ರ ಎಲ್ಲರಿಗೂ 75ರಿಂದ 90 ದಿನದ ನಂತರ. ಐದು ಬಾಗಿಲು ತೆರೆದಿರುವಾಗ ಇದು ಜಾಣತನದಂತೆಯೇ ಕಾಣುತ್ತಿತ್ತು.

ಸಮಸ್ಯೆ

ಎರಡು ಪೆಟ್ಟು ಒಟ್ಟಿಗೇ ಬಿದ್ದವು.

ಮೊದಲನೆಯದು ವಾಷಿಂಗ್. ಒಂದು ಪ್ಯಾಂಟಿನ ವಾಷಿಂಗ್‌ಗೆ ಹಲವು ಹತ್ತು ಲೀಟರ್ ನೀರು ಬೇಕು. ಹೊರಬರುವ ನೀಲಿ ನೀರಿನಲ್ಲಿ ಇಂಡಿಗೊ ಬಣ್ಣ, ಗಂಜಿ, ಕಲ್ಲಿನ ಪುಡಿ, ಬ್ಲೀಚಿಗೆ ಬಳಸುವ ಹೈಪೋಕ್ಲೋರೈಟ್ ಇರುತ್ತವೆ. ಅದನ್ನು ಶುದ್ಧೀಕರಿಸದೆ ಚರಂಡಿಗೆ ಬಿಡುವಂತಿಲ್ಲ. ಶುದ್ಧೀಕರಣ ವ್ಯವಸ್ಥೆ ಸರಿಯಿಲ್ಲದ ಘಟಕಗಳಿಗೆ ನೋಟಿಸು ಬಂದಾಗ ಐದರಲ್ಲಿ ಎರಡು ಬಾಗಿಲು ಹಾಕಿದವು, ಒಂದು ಅರ್ಧ ಯಂತ್ರ ನಿಲ್ಲಿಸಿತು. ಉಳಿದೆರಡರಲ್ಲಿ ಸಾಲು. ಸಾಲಿನಲ್ಲಿ ಮೊದಲು ಯಾರು? ವರ್ಷವಿಡೀ ಮಾಲು ಕೊಟ್ಟವರು. ನಮ್ಮ ಘಟಕ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಮೂರು ವಾರದಲ್ಲಿ 5,800 ಒಗೆಯದ ಪ್ಯಾಂಟು ಹಜಾರದಲ್ಲಿ ಮೊಳಕಾಲೆತ್ತರ ಬಿದ್ದಿತು. ಬಟ್ಟೆ, ಸಾಮಾನು, ಹೊಲಿಗೆ ಸೇರಿ ಪ್ಯಾಂಟಿಗೆ 308ರಂತೆ ಸುಮಾರು 18 ಲಕ್ಷ ರೂಪಾಯಿ ನೆಲದ ಮೇಲೆ ಮಲಗಿತ್ತು.

ಎರಡನೆಯದು ಫ್ಯಾಶನ್. ಕಾಲಿಗೆ ಅಂಟುವ ಸ್ಟ್ರೆಚ್ ಪ್ಯಾಂಟು ಬಿಟ್ಟು ಗಿರಾಕಿಗಳು ಸಡಿಲ ಕಟ್, ತಿಳಿ ಬಣ್ಣ ಕೇಳತೊಡಗಿದರು. ಗೋದಾಮಿನಲ್ಲಿ 11,000 ಮೀಟರ್ ಸ್ಟ್ರೆಚ್ ಡೆನಿಮ್ ಇತ್ತು. ಆರ್ಡರ್ ಗಾತ್ರವೂ ಕುಗ್ಗಿತು. ಮೊದಲು ಒಂದೇ ಬಣ್ಣದಲ್ಲಿ 600 ಕೇಳುತ್ತಿದ್ದವರು ಈಗ 120 ಇದರಲ್ಲಿ, 150 ಅದರಲ್ಲಿ, ಹತ್ತು ದಿನದೊಳಗೆ ಬೇಕು ಎನ್ನುತ್ತಿದ್ದರು. ಘಟಕಕ್ಕೆ ಆಗ ಹಿಡಿಯುತ್ತಿದ್ದದ್ದು 24ರಿಂದ 28 ದಿನ.

ಮೊದಲ ಮೂರು ಪ್ರಯತ್ನ

ಮೊದಲು ಹೊಳೆದದ್ದು ಸ್ವಂತ ವಾಷಿಂಗ್. ಲೆಕ್ಕ ಹಾಕಿದಾಗ ಕೂರಲಿಲ್ಲ. 100 ಕಿಲೋ ಯಂತ್ರದಲ್ಲಿ, ಪ್ಯಾಂಟಿಗೆ 600-650 ಗ್ರಾಂ ಎಂದರೆ, ಒಂದು ಸಲಕ್ಕೆ ಸುಮಾರು 150 ಹಿಡಿಯುತ್ತದೆ. ಗಂಜಿ ತೆಗೆಯುವುದರಿಂದ ಸಾಫ್ಟ್ನರ್‌ವರೆಗೆ ಎರಡು ತಾಸು. ಹತ್ತು ತಾಸಿಗೆ 750 ಪ್ಯಾಂಟು. ಅಂದರೆ ವಾರದ 2,400 ಪ್ಯಾಂಟು ಒಂದೇ ಯಂತ್ರಕ್ಕೆ ಮೂರೂಕಾಲು ದಿನದ ಕೆಲಸ. ಉಳಿದ ದಿನ ಬಾಯ್ಲರು, ನೀರು ಹಿಂಡುವ ಹೈಡ್ರೋ, ಡ್ರೈಯರು, ಶುದ್ಧೀಕರಣ ಘಟಕ, ಅದರ ಆಪರೇಟರು ಎಲ್ಲ ಖಾಲಿ. ಸಂಬಳ ಮತ್ತು ಕಂತು ಮಾತ್ರ ಏಳೂ ದಿನ ಓಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಸಿಗುವವರೆಗೆ ಕಾಯಬೇಕಾದ ತಿಂಗಳುಗಳು ಬೇರೆ. ಈ ಯೋಚನೆ ಕಾಗದದಲ್ಲೇ ನಿಂತದ್ದು ಒಳ್ಳೆಯದಾಯಿತು.

ಎರಡನೆಯದು ರಾಯದುರ್ಗ. ಗಡಿಯಾಚೆ ಆಂಧ್ರದಲ್ಲಿದ್ದರೂ ಹತ್ತಿರ, ಅಲ್ಲೂ ಜೀನ್ಸ್ ಕೆಲಸ ನಡೆಯುತ್ತದೆ. ಇಲ್ಲಿ ಎರಡು ತೊಡಕು ಬಂದವು. ಜಾಬ್ ವರ್ಕಿಗೆ, ಅಂದರೆ ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳಲು, ರಾಜ್ಯದ ಗಡಿ ದಾಟುವ ಮಾಲಿಗೆ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಮಾಲು ಸಾಗಣೆಯ ಜಿಎಸ್‌ಟಿ ದಾಖಲೆ) ಬೇಕೇ ಬೇಕು. 50,000 ರೂಪಾಯಿಯೊಳಗಿನ ಮಾಲಿಗೆ ಬೇಡ ಎಂಬ ರೂಢಿಯ ನಂಬಿಕೆಯಲ್ಲಿ ಕಳಿಸಿದ ಮೊದಲ ಗಾಡಿ ದಾರಿಯಲ್ಲೇ ನಿಂತಿತು. ಇನ್ನೊಂದು, ಬಣ್ಣದ ತಕರಾರು. ಫೋನಿನ ಫೋಟೋದಲ್ಲಿ ನೀಲಿ ಯಾವತ್ತೂ ನಿಜ ಹೇಳುವುದಿಲ್ಲ. ಪ್ರತಿ ಹೊಸ ಬಣ್ಣಕ್ಕೂ ಒಬ್ಬರು ಅರ್ಧ ದಿನ ಹೋಗಿಬರಬೇಕಾಯಿತು.

ಮೂರನೆಯದು ದುಬಾರಿಯಾಯಿತು. ಸಾಲಿನಲ್ಲಿ ಕಾಯಲಾರದೆ 900 ಸ್ಟ್ರೆಚ್ ಪ್ಯಾಂಟುಗಳನ್ನು 31 ರೂಪಾಯಿಗೆ ಒಪ್ಪಿದ ಹೊಸಬರಿಗೆ ಕೊಟ್ಟರು. ತಿಳಿ ಬಣ್ಣ ಬಂತು, ನೋಡಲು ಚೆನ್ನಾಗಿಯೇ ಇತ್ತು. ಆರು ವಾರದ ನಂತರ 340 ಪ್ಯಾಂಟು ವಾಪಸ್. ಮೊಳಕಾಲು ಜೋತುಬಿದ್ದಿತ್ತು, ಕೆಲವು ಮಡಿಕೆಯ ಜಾಗದಲ್ಲಿ ಹಳದಿಯಾಗಿದ್ದವು. ಕಾರಣ ಸರಳ. ತಿಳಿ ಬಣ್ಣವನ್ನು ಬೇಗ ತರಲು ಹೈಪೋಕ್ಲೋರೈಟ್ ಹೆಚ್ಚು ಸುರಿದು ನೀರು ಬಿಸಿ ಮಾಡಿದ್ದರು. ಕ್ಲೋರಿನ್ ಹತ್ತಿಗಿಂತ ಮೊದಲು ಲೈಕ್ರಾವನ್ನು, ಅಂದರೆ ಸ್ಟ್ರೆಚ್ ಬಟ್ಟೆಯೊಳಗಿನ ಹಿಗ್ಗುವ ಎಳೆಯನ್ನು, ತಿನ್ನುತ್ತದೆ. ಬಟ್ಟೆ ನೋಡಲು ಗಟ್ಟಿ, ಆದರೆ ಎಳೆದರೆ ಹಿಂದೆ ಬರುವುದಿಲ್ಲ. ಹಳದಿಗೆ ಕಾರಣ ಬ್ಲೀಚಿನ ನಂತರ ಕ್ಲೋರಿನ್ ಕೊಲ್ಲುವ ಹಂತವನ್ನು ಅರ್ಧಕ್ಕೆ ಬಿಟ್ಟದ್ದು. ಪ್ಯಾಂಟಿಗೆ 7 ರೂಪಾಯಿಯಂತೆ ಉಳಿದದ್ದು 6,300. ಕಳೆದದ್ದು 340 ಪ್ಯಾಂಟು ಮತ್ತು ಒಂದು ಅಂಗಡಿಯ ಭರವಸೆ.

ಒಂದು ನೋಟ್‌ಬುಕ್

ತಿರುವು ಬಂದದ್ದು ಸಾಲಿನಲ್ಲಿ ಜಾಗ ಕೊಡದ ವಾಷಿಂಗ್ ಮಾಲೀಕರ ಮುಂದೆ. ದರ ಎರಡು ರೂಪಾಯಿ ಏರಿಸುತ್ತೇವೆ, ಮಾಲು ಹಿಡಿಯಿರಿ ಎಂದು ಕೇಳಲು ಹೋದಾಗ ಅವರು ತಮ್ಮ ನೋಟ್‌ಬುಕ್ ತೆಗೆದು ತೋರಿಸಿದರು. ಈ ಘಟಕದ ಹೆಸರಿನಲ್ಲಿ ಒಂದು ತಿಂಗಳು 4,100 ಪೀಸು, ಮರುತಿಂಗಳು 600, ಅದರ ಮುಂದಿನದು 2,700. ಹಣ ಬಂದದ್ದು ಸರಾಸರಿ 82 ದಿನಕ್ಕೆ.

"ನಿಮ್ ಮಾಲು ಬಂದಾಗ ಬರ್ತದ್ರೀ ಅಣ್ಣಾ. ನನ್ ಬಾಯ್ಲರ್ ದಿನಾ ಉರೀಬೇಕು. ಎಂಜೈಮಿನವ್ನು ಕ್ಯಾಶ್ ಕೇಳ್ತಾನ, ಶನಿವಾರ ಹುಡುಗ್ರು ಪಗಾರ ಕೇಳ್ತಾರ. ನಿಮ್ ಎರಡ್ ರೂಪಾಯಿ ತಗೊಂಡು ಏನ್ ಮಾಡ್ಲಿ?"

ಘಟಕದವರು ಅಲ್ಲಿಯವರೆಗೆ ದರವನ್ನೇ ಮಾತಾಡುತ್ತಿದ್ದರು. ಎದುರಿನವರ ಚಿಂತೆ ಖಾಲಿ ಯಂತ್ರ ಮತ್ತು ಶನಿವಾರದ ಪಗಾರ. ವಾಪಸ್ ಬಂದು ತಮ್ಮದೇ ಲೆಕ್ಕ ತೆಗೆದರು. ನೆಲದ ಮೇಲಿನ 18 ಲಕ್ಷಕ್ಕೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ ಎಂದರೆ 27,000 ರೂಪಾಯಿ. ತಿಂಗಳ 9,600 ಪ್ಯಾಂಟಿಗೆ ಹಂಚಿದರೆ ಒಂದಕ್ಕೆ 2.80. ಚೌಕಾಸಿಯಲ್ಲಿ ಗೆದ್ದ ಮೂರು ರೂಪಾಯಿಯನ್ನು ಹೆಚ್ಚುಕಮ್ಮಿ ಪೂರ್ತಿ ಬಡ್ಡಿಯೇ ನುಂಗಿತ್ತು, ತಡವಾದ ಆರ್ಡರ್‌ಗಳನ್ನು ಎಣಿಸುವ ಮೊದಲೇ.

ಎರಡು ವಾರದ ಮಾತುಕತೆಯ ನಂತರ ಒಂದು ಪುಟದ ಒಪ್ಪಂದವಾಯಿತು. ವಾರಕ್ಕೆ 1,400 ಪ್ಯಾಂಟು ಖಾತ್ರಿ. ಕಡಿಮೆ ಬಿದ್ದಷ್ಟು ಪೀಸಿಗೆ ಅರ್ಧ ದರ ಘಟಕವೇ ಕೊಡಬೇಕು. ದರ 38ರ ಬದಲು 41, ಮೂರು ತಿಂಗಳಿಗೊಮ್ಮೆ ಮಾತ್ರ ಬದಲು. ಹಣ 15 ದಿನದೊಳಗೆ. ಪ್ರತಿಯಾಗಿ ಮಂಗಳವಾರ, ಗುರುವಾರ ರಾತ್ರಿ ಪಾಳಿ ಈ ಘಟಕಕ್ಕೆ ಮೀಸಲು. ಜೊತೆಗೆ ವಾರದಲ್ಲಿ ಒಂದು ಸಲ, 300 ಪೀಸಿನವರೆಗಿನ ಅರ್ಜೆಂಟ್ ಲಾಟು 48 ತಾಸಿನಲ್ಲಿ. ಎರಡನೇ ವಾಷಿಂಗ್‌ಗೆ ಇದೇ ಕರಾರಿನಲ್ಲಿ 600, ರಾಯದುರ್ಗಕ್ಕೆ ಉಳಿದ 400.

ವಾಯಿದೆಯ ವಿಷಯದಲ್ಲಿ ಲೆಕ್ಕಪರಿಶೋಧಕರೂ ಬೆನ್ನು ಹತ್ತಿದ್ದರು. ಉದ್ಯಮ್ ನೋಂದಣಿಯಿರುವ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಕಿರು ಮತ್ತು ಸಣ್ಣ ಘಟಕಗಳ ಬಾಕಿಯನ್ನು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ಗಡುವು ಮೀರಿದ್ದು ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯಲಾಗದು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ ಹೇಳಿದ್ದು ಇದನ್ನೇ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ನಿಯಮವನ್ನು ದೊಡ್ಡವರು ತಮಗೆ ಕೊಡಬೇಕಾದ ಹಣಕ್ಕೆ ಸಂಬಂಧಿಸಿದ್ದು ಎಂದಷ್ಟೇ ಸಣ್ಣ ಘಟಕಗಳು ಓದಿಕೊಳ್ಳುತ್ತವೆ. ತಾವು ವಾಷಿಂಗ್‌ನವರಿಗೆ ಕೊಡಬೇಕಾದದ್ದಕ್ಕೂ ಅದೇ ಅನ್ವಯ.

ಬಣ್ಣದ ತಕರಾರಿಗೆ ಕಂಡುಕೊಂಡ ದಾರಿ ಎತ್ತಿ ಹೇಳುವಂಥದ್ದು. ಒಪ್ಪಿದ ಮಾದರಿ ಪ್ಯಾಂಟನ್ನು ನಡುವೆ ಕತ್ತರಿಸಿ ಎಡಗಾಲು ವಾಷಿಂಗ್‌ನಲ್ಲಿ, ಬಲಗಾಲು ಘಟಕದಲ್ಲಿ. ಎರಡರ ಮೇಲೂ ಇಬ್ಬರ ಸಹಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಸಿಲು ತಾಗದ ಕಪಾಟಿನಲ್ಲಿ. ಮಾಲು ಬಂದಾಗ ಬೆಳಗಿನ ಹೊತ್ತು, ಉತ್ತರದ ಕಿಟಕಿಯ ಬೆಳಕಿನಲ್ಲಿ ಕಾಲಿಗೆ ಕಾಲು ಇಟ್ಟು ನೋಡುವುದು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಒಪ್ಪುವುದು ಬೇಡ ಎಂದು ಇಬ್ಬರೂ ಬರೆದುಕೊಂಡರು. ಸ್ಟ್ರೆಚ್ ಬಟ್ಟೆಯಲ್ಲಿ ತಿಳಿ ಬಣ್ಣದ ಆರ್ಡರ್ ಹಿಡಿಯುವುದೇ ಇಲ್ಲ, ತಿಳಿ ಬೇಕಾದರೆ ಲೈಕ್ರಾ ಇಲ್ಲದ ಹತ್ತಿ ಡೆನಿಮ್ ಎಂದೂ ಬರೆದರು.

ಕೋರಾ ಕಪಾಟು

ವಾಷಿಂಗ್ ಪಾಳಿ ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ ಸಾಧ್ಯವಾದದ್ದು. ಸಿದ್ಧ ಪ್ಯಾಂಟು ಇಡುವ ಬದಲು ಹೊಲಿದು ಒಗೆಯದ ಪ್ಯಾಂಟು, ಅವರ ಮಾತಿನಲ್ಲಿ ಕೋರಾ, 1,500 ಇಟ್ಟುಕೊಂಡರು. ಆರ್ಡರ್ ಬಂದ ಮೇಲೆ ಕಡು ನೀಲಿಯೋ, ಕಲ್ಲಿನ ವಾಷೋ, ತಿಳಿಯೋ ಎಂದು ತೀರ್ಮಾನ. ಮಂಡಕ್ಕಿ ಅಂಗಡಿಯವರು ಮಿರ್ಚಿಯನ್ನು ಅರ್ಧ ಕರಿದಿಟ್ಟು, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡುವ ಲೆಕ್ಕ ಇದು. ಇಟಲಿಯ ಬೆನೆಟನ್ ಸ್ವೆಟರನ್ನು ಬಣ್ಣವಿಲ್ಲದೆ ಹೆಣೆದಿಟ್ಟು ಆಮೇಲೆ ಬಣ್ಣ ಹಾಕಿ ಹೆಸರಾದದ್ದೂ ಹೀಗೆಯೇ. ಎಣ್ಣೆ ಸದಾ ಕಾದಿರಬೇಕು ಅಷ್ಟೆ. ವಾಷಿಂಗ್‌ನಲ್ಲಿ ಜಾಗ ಸಿಗದಿದ್ದರೆ ಕೋರಾ ಬರೀ ಹೂಡಿಕೆಯ ಹೊರೆ. ಮೂರು ವಾರ ಹಜಾರದಲ್ಲಿ ಬಿದ್ದಿದ್ದ ಆ 5,800 ಪ್ಯಾಂಟೂ ಕೋರಾವೇ ಅಲ್ಲವೇ?

ಕೋರಾ ಇಡಲು ಬಟ್ಟೆಯ ಶಿಸ್ತು ಬೇಕು. ಒಗೆಯದಾಗ ಎಲ್ಲ ಡೆನಿಮ್ಮೂ ಒಂದೇ ಕಡುನೀಲಿ, ಒಗೆದ ಮೇಲೆಯೇ ಬಣ್ಣದ ವ್ಯತ್ಯಾಸ ಬಾಯಿಬಿಡುವುದು. ಒಂದೇ ಪ್ಯಾಂಟಿನ ಎರಡು ಕಾಲು ಬೇರೆ ಬೇರೆ ರೋಲಿನವಾದರೆ ಆಗ ಮಾಡುವುದೇನೂ ಇರುವುದಿಲ್ಲ. ಹಾಗಾಗಿ ಪ್ರತಿ ರೋಲಿನಿಂದ ಒಂದು ತುಂಡು ಕತ್ತರಿಸಿ, ರೋಲ್ ನಂಬರ್ ಹೊಲಿದು, ಎಲ್ಲವನ್ನೂ ಕೌದಿಯಂತೆ ಒಂದಕ್ಕೊಂದು ಜೋಡಿಸಿ ಒಟ್ಟಿಗೆ ಒಗೆಸುತ್ತಾರೆ. ಒಣಗಿದ ಕೌದಿ ನೋಡಿ ರೋಲುಗಳನ್ನು ಎ, ಬಿ, ಸಿ ಗುಂಪು ಮಾಡುತ್ತಾರೆ. ತುಂಡಿನ ಮೇಲೆ ಮೊದಲೇ 50 ಸೆಂಟಿಮೀಟರ್ ಚೌಕ ಗುರುತಿಸಿರುವುದರಿಂದ ಕುಗ್ಗುವಿಕೆಯೂ ಅಲ್ಲೇ ಸಿಗುತ್ತದೆ.

ಕುಗ್ಗುವಿಕೆಯನ್ನು ಅಂದಾಜಿಗೆ ಬಿಟ್ಟರೆ ಏನಾಗುತ್ತದೆಂದು ನೋಡಿ. ಸ್ಟ್ರೆಚ್ ಬಟ್ಟೆ ಅಗಲದಲ್ಲಿ ಶೇ 12 ಕುಗ್ಗುತ್ತದೆಂದು 32 ಇಂಚಿನ ಸೊಂಟಕ್ಕೆ 36.4 ಇಂಚು ಕತ್ತರಿಸಿದರೆ ಸರಿ. ಅದೇ ಲೇಯಲ್ಲಿ (ಒಟ್ಟಿಗೆ ಕತ್ತರಿಸಲು ಪದರ ಪದರವಾಗಿ ಹಾಸಿದ ಬಟ್ಟೆಯಲ್ಲಿ) ಶೇ 15 ಕುಗ್ಗುವ ರೋಲ್ ಸೇರಿಕೊಂಡರೆ ಸೊಂಟ 31ಕ್ಕೂ ಕಡಿಮೆ ಬರುತ್ತದೆ, ಲೇಬಲ್ ಮಾತ್ರ 32 ಎನ್ನುತ್ತದೆ. ಆದ್ದರಿಂದ ಕುಗ್ಗುವಿಕೆಯಲ್ಲಿ ಎರಡು ಪರ್ಸೆಂಟ್‌ಗಿಂತ ಹೆಚ್ಚು ಅಂತರವಿರುವ ರೋಲುಗಳನ್ನು ಒಂದೇ ಲೇಗೆ ಹಾಕುವುದಿಲ್ಲ, ಪ್ರತಿ ಗುಂಪಿಗೂ ಬೇರೆ ಪ್ಯಾಟರ್ನ್.

ವಾರಕ್ಕೊಬ್ಬ ಡೀಲರಾದರೆ ಇದು ನಡೆಯುವುದಿಲ್ಲ. ಒಬ್ಬರನ್ನೇ ಹಿಡಿದು, ಮೀಟರಿಗೆ 3 ರೂಪಾಯಿ ಹೆಚ್ಚು ಒಪ್ಪಿಕೊಂಡು, ಒಂದೇ ಮಿಲ್ ಲಾಟಿನ ರೋಲುಗಳನ್ನೇ ಕೊಡಬೇಕೆಂದು ಕೇಳಿಕೊಂಡರು. ಆ ಡೀಲರ್ ನಾಲ್ಕು ತಿಂಗಳ ನಂತರ ಹಳೆಯ ಸ್ಟ್ರೆಚ್ ಬಟ್ಟೆಯಲ್ಲಿ 3,000 ಮೀಟರನ್ನು ಮೀಟರಿಗೆ 12 ಕಡಿದು ವಾಪಸ್ ತೆಗೆದುಕೊಂಡರು. ಉಳಿದದ್ದರಲ್ಲಿ ಒಂದು ಪಾಲು ಹೆಂಗಸರ ಮತ್ತು ಮಕ್ಕಳ ಪ್ಯಾಂಟಾಯಿತು, ಇನ್ನೊಂದು ಪಾಲು ನಷ್ಟಕ್ಕೆ ಹೋಯಿತು.

ಕೋರಾ ಇಡುವವರು ತಪ್ಪುವ ಸಣ್ಣ ಸಂಗತಿಗಳು ಇನ್ನೂ ಇವೆ. ಕಾಗದದ ಸ್ಟಿಕರ್ ವಾಷಿಂಗ್‌ನಲ್ಲಿ ಉಳಿಯುವುದಿಲ್ಲ, ಗುಂಪಿನ ಅಕ್ಷರವನ್ನು ಬಟ್ಟೆಯ ಚೀಟಿಯಲ್ಲಿ ಒಳಪಟ್ಟಿಗೆ ಹೊಲಿಯಬೇಕು. ಲೋಹದ ಗುಂಡಿ, ರಿವೆಟ್, ಚರ್ಮದ ಪಟ್ಟಿ ಒಗೆದ ಮೇಲೆಯೇ. ಕೋರಾವನ್ನು ತೆರೆದಿಟ್ಟರೆ ಗಾಳಿ, ಬೆಳಕಿಗೆ ಇಂಡಿಗೊ ಮಡಿಕೆಯ ಗೆರೆಯಲ್ಲಿ ಮಾಸುತ್ತದೆ, ಆ ಗೆರೆ ವಾಷಿಂಗ್‌ನಲ್ಲೂ ಹೋಗುವುದಿಲ್ಲ. ಪ್ಲಾಸ್ಟಿಕ್ ಮುಚ್ಚಿ, ಮೊದಲು ಬಂದದ್ದನ್ನು ಮೊದಲು ತೆಗೆದು, 60 ದಿನದೊಳಗೆ ಮುಗಿಸಬೇಕು.

ಎಲ್ಲಿ ಎಡವಿದರು

ಎರಡನೇ ವಾಷಿಂಗ್‌ನ ಒಪ್ಪಂದವನ್ನು ಮೊದಲನೆಯವರಿಂದ ಮುಚ್ಚಿಟ್ಟದ್ದು ತಪ್ಪು. ಬಳ್ಳಾರಿಯಲ್ಲಿ ಒಂದು ಮೂಟೆ ಮಾಲು ಯಾರಿಗೂ ಗೊತ್ತಾಗದೆ ಓಡಾಡುವುದುಂಟೇ? ಗಾಡಿಯ ಡ್ರೈವರ್ ಬಾಯಿಂದಲೇ ಸುದ್ದಿ ಹೋಯಿತು, ಒಂದು ಗುರುವಾರದ ಪಾಳಿ ತಪ್ಪಿತು. ಆಮೇಲೆ ಪಾಲು ಎಷ್ಟೆಷ್ಟು ಎಂಬುದನ್ನು ಇಬ್ಬರಿಗೂ ತಿಳಿಸಿದರು.

ಅದಕ್ಕಿಂತ ದೊಡ್ಡ ತಪ್ಪು ಹೊಲಿಗೆಯವರನ್ನು ಮರೆತದ್ದು. ಸಣ್ಣ ಲಾಟೆಂದರೆ ದಿನಕ್ಕೆ ಮೂರು ಸಲ ದಾರದ ಬಣ್ಣ ಬದಲು, ಜೇಬಿನ ವಿನ್ಯಾಸ ಬದಲು, ಕೈ ಕೂರುವಷ್ಟರಲ್ಲಿ ಲಾಟು ಮುಗಿದಿರುತ್ತದೆ. ಪೀಸ್ ದರದಲ್ಲಿ ದುಡಿಯುವವರ ದಿನದ ಗಳಿಕೆ ಇಳಿಯಿತು. ಮೂವರು ಫ್ಯಾಬ್ರಿಕೇಟರ್‌ಗಳಲ್ಲಿ ಇಬ್ಬರು, ಒಬ್ಬರ ಹಿಂದೆ ಒಬ್ಬರು, ಬೇರೆ ಕೆಲಸ ಹಿಡಿದರು. ಘಟಕ ಪಡೆದ ಚುರುಕುತನದ ಬೆಲೆಯನ್ನು ಅವರು ತೆತ್ತಿದ್ದರು, ಕೇಳದೆಯೇ. 200ಕ್ಕಿಂತ ಸಣ್ಣ ಲಾಟಿಗೆ ಪೀಸಿಗೆ 6 ರೂಪಾಯಿ ಹೆಚ್ಚು ಎಂದು ಘೋಷಿಸಿದ ಮೇಲೆ ಒಬ್ಬರು ಮರಳಿದರು. ಆ ಆರು ರೂಪಾಯಿಯನ್ನು ಸಣ್ಣ ಆರ್ಡರ್ ಕೇಳುವ ಗಿರಾಕಿಯ ದರದಲ್ಲೇ ಸೇರಿಸಲಾಯಿತು.

ಗಿರಾಕಿಗಳ ಕಡೆಯೂ ಒಂದು ಗೆರೆ ಎಳೆಯಬೇಕಾಯಿತು. ವಾಷಿಂಗ್‌ಗೆ 15 ದಿನದಲ್ಲಿ ಕೊಟ್ಟು, 90 ದಿನಕ್ಕೆ ಪಡೆದರೆ ಬಂಡವಾಳ ಸೋರುತ್ತದೆ. 45 ದಿನದಲ್ಲಿ ಹಣ ಕೊಡುವವರಿಗೆ ಮಾತ್ರ ಹತ್ತು ದಿನದ ಸರಬರಾಜು ಎಂದರು. ಬೆಂಗಳೂರಿನ ಇಬ್ಬರೂ ಒಪ್ಪಿದರು. 30, 32, 34ರ ಸೈಜುಗಳು ಮೊದಲು ಖಾಲಿಯಾಗಿ ಅಂಗಡಿಯಲ್ಲಿ 28, 36 ಉಳಿಯುವುದು ಅವರ ಹಳೆಯ ತಲೆನೋವು, ಬೇಗ ಮಾಲು ಬಂದರೆ ಅದು ತಪ್ಪುತ್ತಿತ್ತು. ಹೈದರಾಬಾದಿನವರು ಉದ್ಯಮ್ ನೋಂದಣಿಯಿಲ್ಲದ ಬೇರೆ ಹೆಸರಿನಲ್ಲಿ ಬಿಲ್ ಮಾಡಿ, ವಾಯಿದೆಯ ಗೊಡವೆ ಇರುವುದಿಲ್ಲ ಎಂದರು. ಘಟಕ ಒಪ್ಪಲಿಲ್ಲ. ವ್ಯಾಪಾರದ ಐದನೇ ಒಂದು ಪಾಲು ಹೋಯಿತು, ತುಂಬಿಕೊಳ್ಳಲು ಐದು ತಿಂಗಳು ಹಿಡಿಯಿತು.

ಪರೀಕ್ಷೆ

ಬೇಸಿಗೆಯಲ್ಲಿ ನೀರಿನ ತೊಂದರೆಯಿಂದ ಮೊದಲ ವಾಷಿಂಗ್ ಒಂಬತ್ತು ದಿನ ನಿಂತಿತು. ಎರಡನೆಯವರು 600ರ ಬದಲು 1,100 ಹಿಡಿದರು, ರಾಯದುರ್ಗ 700. ಆ ವಾರ 1,800 ಪ್ಯಾಂಟು ಹೊರಬಿತ್ತು. ಮೊದಲಿನ ಪದ್ಧತಿಯಲ್ಲಿ ಆ ವಾರ ನೂರು ಪ್ಯಾಂಟೂ ಹೊರಬೀಳುತ್ತಿರಲಿಲ್ಲ. ಕೋರಾ ಇದ್ದ ಮಾದರಿಗಳಿಗೆ ಆರ್ಡರ್‌ನಿಂದ ಲಾರಿಗೆ ಈಗ ಎಂಟೊಂಬತ್ತು ದಿನ. ಪ್ಯಾಂಟಿನ ಖರ್ಚು ಮಾತ್ರ 375ರಿಂದ 382ರ ಆಸುಪಾಸಿಗೆ ಏರಿದೆ. ಅದನ್ನು ಬಡ್ಡಿ ಮತ್ತು ವಾಪಸಾತಿಯಲ್ಲಿ ಆದ ಉಳಿತಾಯವೇ ಭರಿಸುತ್ತಿದೆ.

ಅರ್ಧ ದರದ ಕರಾರೂ ಒಮ್ಮೆ ಬಳಕೆಗೆ ಬಂತು. ಹಬ್ಬದ ನಂತರದ ಒಂದು ವಾರ 1,400ರ ಬದಲು 1,100 ಮಾತ್ರ ಹೋಯಿತು. 300 ಪೀಸಿಗೆ ಇಪ್ಪತ್ತೂವರೆಯಂತೆ 6,150 ರೂಪಾಯಿಯನ್ನು ಶನಿವಾರವೇ ಕಳಿಸಿದರು. ಬೇಡ ಎನ್ನಬಹುದೆಂಬ ಆಸೆ ಘಟಕದವರಿಗೆ ಇತ್ತು. ವಾಷಿಂಗ್‌ನವರು ಎಣಿಸಿ ಇಟ್ಟುಕೊಂಡರು, ರಸೀದಿಯನ್ನೂ ಕೊಟ್ಟರು. ಮುಂದಿನ ತಿಂಗಳು ಒಂದು ಶುಕ್ರವಾರ ರಾತ್ರಿ, ಆ ವಾರದ ಅರ್ಜೆಂಟ್ ಲಾಟು ಆಗಲೇ ಮುಗಿದಿದ್ದರೂ, 260 ಪ್ಯಾಂಟು ಹಿಡಿದುಕೊಂಡರು.

ಉಳಿದಿರುವ ತೊಡಕು ಒಂದು. ಕೋರಾ ಬಣ್ಣದ ಬದಲಾವಣೆಯನ್ನು ತಾಳುತ್ತದೆ, ಕಟ್‌ನ ಬದಲಾವಣೆಯನ್ನಲ್ಲ. ಈಗಿರುವುದೆಲ್ಲ ಸಡಿಲ ಕಾಲಿನದು. ಅದರ ಬೇಡಿಕೆ ಇಳಿಯುವ ದಿನ 60 ದಿನದ ಮಾಲು ಕೈಯಲ್ಲಿರುವುದು ಬೇಡವೆಂದು ಕಪಾಟಿನ ಮಿತಿಯನ್ನು 1,500ರಿಂದ 1,100ಕ್ಕೆ ಇಳಿಸಿದ್ದಾರೆ. ಉಳಿದ 400 ಪ್ಯಾಂಟಿನ ಬಟ್ಟೆ, ಕೌದಿ ಒಗೆದು ಗುಂಪು ಮಾಡಿದ ರೋಲುಗಳಾಗಿಯೇ, ಕಟಿಂಗ್ ಟೇಬಲ್ಲಿನ ಪಕ್ಕದಲ್ಲಿದೆ.